ಹೆಪ್ಪಿನ ಹಗ್ಗ

ಕುವಿರೆ ಜೀಲ್ ಬಾರಿಸುವುದನ್ನು ನಡುವೆಯೇ ನಿಲ್ಲಿಸಿ ಎರಡೂ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡ. ಮರದ ಪಟ್ಟಿಗಳ ಕೆಳಗೆ ಕಟ್ಟಿದ ಸೋರೆಬುರುಡೆಗಳಲ್ಲಿ ಕೊನೆಯ ಸ್ವರ ಇನ್ನೂ ಗುಂಯ್‌ಗುಡುತ್ತಿತ್ತು. ಅಂಗಳದಲ್ಲಿ ಅಳುತ್ತಿದ್ದವರು ಅಳು ನುಂಗಿಕೊಂಡು ಅವನ ಕಡೆ ನೋಡಿದರು.

"ಹೆಸರು ಬಾರಿಸ್ದೆ, ಕುಲ ಬಾರಿಸ್ದೆ, ಅವರಪ್ಪನ್ನೂ ಬಾರಿಸ್ದೆ," ಎಂದ. "ಇನ್ನ ಕೆಲಸ ಬಾರಿಸ್ಬೇಕು. ಅಟ್ಟಣಿ ಮ್ಯಾಲ ಏನೂ ತೂಗಿಲ್ಲ. ಇವ ಏನ್ ಕೆಲಸ ಮಾಡ್ತಿದ್ದ, ಯಾರರ ಹೇಳ್ರಿ."

ಅಟ್ಟಣೆಯ ಮೇಲೆ, ಕುರ್ಚಿಯಲ್ಲಿ, ಪಟ್ಟೆಪಟ್ಟೆಯ ದೊಗಲೆ ಅಂಗಿ ತೊಟ್ಟು ಗರ್ವಾಸ್ ಬಾಯೊರ್ ಕೂತಿದ್ದ. ಸತ್ತವನನ್ನು ಹೀಗೆ ಕೂರಿಸಿ, ಅವನ ಕೈ ಸವೆಸಿದ ಸಾಮಾನನ್ನು ತಲೆಯ ಮೇಲೆ ತೂಗುಹಾಕಬೇಕು. ಬೇಟೆಗಾರನಿಗೆ ಬಿಲ್ಲು, ಒಕ್ಕಲಿಗನಿಗೆ ಗುದ್ದಲಿ, ಕಮ್ಮಾರನಿಗೆ ತಿದಿ. ಆಮೇಲೆ ಜೊತೆಯಲ್ಲಿ ದುಡಿದವರು ಯಾರಾದರೂ ಮುಂದೆ ಬಂದು ಅವನು ಹೇಗೆ ದುಡಿಯುತ್ತಿದ್ದ ಎಂದು ಆಡಿ ತೋರಿಸಬೇಕು. ಅದಾದ ಮೇಲೆಯೇ ಪಾದ್ರಿ, ಅದಾದ ಮೇಲೆಯೇ ಮಣ್ಣು. ಬರಿದಾದ ಅಟ್ಟಣೆಯನ್ನು ಊರು ಬೇಗ ಮರೆಯುವುದಿಲ್ಲ. ಮೈಗಳ್ಳನ ತಾಯಿ ಎಂಬ ಮಾತು ಹೆತ್ತವಳನ್ನು ಬಾವಿಕಟ್ಟೆಗೂ ಚರ್ಚಿಗೂ ಹಿಂಬಾಲಿಸುತ್ತದೆ.

ಹೆತ್ತವಳು, ಪರ್ಪೆಚುವಾ, ಅಟ್ಟಣೆಯ ಬುಡದಲ್ಲಿ ಚಾಪೆಯ ಮೇಲಿದ್ದಳು. ದುಃಖದ ಭರದಲ್ಲಿ ಎದ್ದು ಓಡಿ ಏನಾದರೂ ಮಾಡಿಕೊಳ್ಳದಿರಲಿ ಎಂದು ಅವಳ ಸೊಂಟಕ್ಕೆ ನಾರಿನ ಹಗ್ಗ ಕಟ್ಟಿ, ಅದರ ತುದಿಯನ್ನು ತಂಗಿಯ ಮಗಳ ಕೈಗೆ ಕೊಟ್ಟಿದ್ದರು. ಎಂಬತ್ತು ದಾಟಿದ ಮೊಣಕಾಲು, ಓಡುವ ಮಾತು ದೂರವೇ ಇತ್ತು. ಆದರೂ ಕಟ್ಟಿದ್ದರು, ಅವಳೂ ಕಟ್ಟಿಸಿಕೊಂಡಿದ್ದಳು.

"ಯುಲೇಲಿಯಾ," ಎಂದು ಮೊಮ್ಮಗಳನ್ನು ಕರೆದಳು. "ನಿಮ್ಮಪ್ಪನ ಸಾಮಾನು ಎಲ್ಲೈತಿ?"

"ಯೂನಿವರ್ಸಿಟಿ ಬಸ್ಸಿನಾಗ ಬರಾಕತ್ತೈತಿ, ಆಯಿ."

"ಬಸ್ ಎಲ್ಲೈತಿ?"

"ಹಾದ್ಯಾಗ ಐತಿ."

ಗರ್ವಾಸನ ಚಿಕ್ಕಪ್ಪ ಜಿಯೆಮ್ ಇಷ್ಟು ಹೊತ್ತು ತಡೆದಿದ್ದೇ ಹೆಚ್ಚು. ಒಳಗೆ ಹೋಗಿ ತನ್ನ ಗುದ್ದಲಿ ತಂದ. "ಇದನ್ನ ತೂಗ್ರಿ. ಹೊತ್ತು ನೆತ್ತಿಗೆ ಬಂತು. ಮಂದಿ ಮುಂದ ಮರ್ಯಾದಿ ಹೋಗೋದು ಬ್ಯಾಡ."

ಕುವಿರೆ ಗುದ್ದಲಿಯ ಕಾವನ್ನು ಸವರಿ ನೋಡಿದ. "ಇದು ನಿನ್ನ ಕೈಗೆ ಸವದೈತಿ. ನಾ ಹೆಂಗ ಬಾರಿಸ್ಲಿ?"

"ಸಣ್ಣಾವಿದ್ದಾಗ ಹೊಲಕ್ಕ ಬರ್ತಿದ್ದ ಅವ."

"ಬಂದು ಮರದ ಕೆಳಗ ಓದ್ಕೋತ ಕೂಡ್ತಿದ್ದ. ನಾನೂ ಅಲ್ಲೇ ಇದ್ನಲ್ಲ, ಜಿಯೆಮ್."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಜಿಯೆಮ್ ಮುಖ ಕೆಂಪಾಗಿಸಿಕೊಂಡು ಗುದ್ದಲಿಯನ್ನು ಗೋಡೆಗೆ ಒರಗಿಸಿದ. "ಹಂಗಾದ್ರ ನೀನ ಹೇಳು, ದಕ್ಷಿಣದಾಗ ಕುಂತು ಇಡೀ ಜನ್ಮ ಏನ್ ಮಾಡ್ದ ಅಂತ. ಪ್ರೊಫೆಸರ್ ಆದ್ನ? ಅದೂ ಆಗ್ಲಿಲ್ಲ. ಅವನ ಕೈಯಾಗ ಕಲ್ತವರು ಅವನಿಗೇ ಸಾಹೇಬ್ರಾದ್ರು."

ಯುಲೇಲಿಯಾಳಿಗೆ ಮೈ ಉರಿಯಿತು, ಏಕೆಂದರೆ ಅದರಲ್ಲಿ ಸುಳ್ಳೇನಿರಲಿಲ್ಲ. ಬಸ್ಸಿನಲ್ಲಿ ಬರುತ್ತಿದ್ದ ಸಾಮಾನು ಯಾವುದೆಂದು ಅವಳಿಗೆ ಗೊತ್ತಿತ್ತು. ತರಲು ಫೋನಿನಲ್ಲಿ ಹೇಳಿದವಳೂ ಅವಳೇ. ಅದನ್ನು ತೂಗದಿದ್ದರೆ ಅಪ್ಪನ ಅಟ್ಟಣೆ ಬರಿದು. ತೂಗಿ, ಅದರ ಕತೆಯೂ ಹೊರಗೆ ಬಂದರೆ ಅಪ್ಪ ಊರಿನ ಮುಂದೆ ಕಳ್ಳ. ಸಾಮಾನು ಬರಲಿ, ಕತೆ ಬಾರದಿರಲಿ ಎಂಬುದು ಅವಳ ಲೆಕ್ಕಾಚಾರ. ಬರುವವರಿಗೆ ಇಲ್ಲಿಯ ಭಾಷೆ ಬಾರದು, ನಡುವೆ ನಿಂತು ಹೇಳುವವಳು ತಾನೇ ಎಂಬುದೊಂದೇ ಧೈರ್ಯ.

ಅವಳ ಕಣ್ಣು ಅಂಗಳದ ಅಂಚಿಗೆ ಹೋಯಿತು. ಸಾಲಾಗಿ ನೆಟ್ಟ ಗಡಿಕಲ್ಲುಗಳ ಆಚೆ ಪಕ್ಕದ ಮನೆಯ ಡೊಮಿಟಿಲಾ ನಿಂತಿದ್ದಳು. ಸಾವಿಗೆ ಬಾರದೆ ಇರುವಂತಿಲ್ಲ, ಕಲ್ಲು ದಾಟಿ ಬರುವಂತೆಯೂ ಇಲ್ಲ. ಬೆಳಗಿನಿಂದ ಅಲ್ಲಿಯೇ ನಿಂತು ಅಲ್ಲಿಂದಲೇ ಅಳುತ್ತಿದ್ದಳು.

*

ಕಾಲೇಜು ಸೇರಿದ ಮೊದಲ ರಜೆಯಲ್ಲಿ ಗರ್ವಾಸ್ ಊರಿಗೆ ಬಂದಿದ್ದ. ಮನೆಯಲ್ಲಿ ಹುಳಿಸುವ ಏನನ್ನಾದರೂ ತನ್ನಿ, ಅದರೊಳಗಿನ ಜೀವಾಣುಗಳನ್ನು ನೋಡೋಣ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಅಮ್ಮ ಸಂತೆಗೆ ಹೋಗಿದ್ದಳು. ಒಲೆಯ ಮೇಲಿನ ಜಂತೆಯಲ್ಲಿ ಅವಳ ಹೆಪ್ಪಿನ ಹಗ್ಗ ತೂಗುತ್ತಿತ್ತು. ಮೊಳಕೆ ಜೋಳದ ರಸ ಕುದಿಸಿ ಆರಿಸಿ, ಆ ಹಗ್ಗವನ್ನು ಅದರಲ್ಲಿ ಮುಳುಗಿಸಿದರೆ ರಾತ್ರಿ ಕಳೆಯುವುದರೊಳಗೆ ನೊರೆ ಎದ್ದು ಪಿಟೊ ಎಂಬ ಜೋಳದ ಹೆಂಡ ತಯಾರು. ತೆಗೆದು ಒಣಗಿಸಿದರೆ ಮುಂದಿನ ಗಡಿಗೆಗೆ ಅದೇ ಹೆಪ್ಪು. ಪರ್ಪೆಚುವಾಳ ಪಿಟೊ ಕುಡಿಯಲು ಹೊಳೆಯ ಆಚೆ ದಡದ ಊರುಗಳಿಂದಲೂ ಜನ ಬರುತ್ತಿದ್ದರು.

ಕೇಳಿದರೆ ಕೊಡುತ್ತಿರಲಿಲ್ಲ. ಅದಕ್ಕೆ ಕೇಳಲಿಲ್ಲ. ಕೆಳಗಿನ ಅರ್ಧ ಕೊಯ್ದು ಅಂಗಿಯೊಳಗೆ ಇಟ್ಟುಕೊಂಡ. ಮುಂದಿನ ರಜೆಗೆ ಬಂದಾಗ ಹೇಳಿದರಾಯಿತು ಎಂದುಕೊಂಡಿದ್ದ.

ಮುಂದಿನ ರಜೆಯ ಹೊತ್ತಿಗೆ ಗಡಿಕಲ್ಲು ಬಂದಿದ್ದವು. ಡೊಮಿಟಿಲಾಳೂ ಪಿಟೊ ಮಾಡುವವಳು, ಅಲ್ಲಿಯವರೆಗೆ ಎರಡು ಮನೆಗೆ ಒಂದೇ ಒಲೆಯ ಕೆಂಡ. ಹಗ್ಗ ಕೊಯ್ದವಳು ಅವಳಲ್ಲದೆ ಮತ್ಯಾರು ಎಂದು ಪರ್ಪೆಚುವಾ ಅವಳ ಮನೆಯ ಮಡಕೆಗಳನ್ನೆಲ್ಲ ತಿರುವಿ ಹಾಕಿಸಿದ್ದಳು. ಏನೂ ಸಿಗದಿದ್ದರೂ ಮಾತು ಬಿಟ್ಟಳು. ಗರ್ವಾಸ್ ಬಾಗಿಲಲ್ಲಿ ಚೀಲ ಹಿಡಿದು ನಿಂತು ಇದೆಲ್ಲ ಕೇಳಿದ. ಬಾಯಿ ತೆರೆದ. ಅಮ್ಮ ಬಿಸಿ ಮುದ್ದೆ ಬಡಿಸಿ ಮುಂದಿಟ್ಟಳು, ಉಂಡ.

ಆಮೇಲೆ ಒಂದು ಮಳೆಗಾಲದಲ್ಲಿ ಅಡುಗೆಮನೆಯ ಮಾಡು ಕುಸಿದು ಉಳಿದ ಅರ್ಧ ಹಗ್ಗವೂ ಕೆಸರಿನಲ್ಲಿ ಹಾಳಾಯಿತು. ಡೊಮಿಟಿಲಾ ತನ್ನ ಹಗ್ಗದ ಒಂದು ತುಂಡನ್ನು ಮಗಳ ಕೈಲಿ ಕಳಿಸಿದಳು. ಪರ್ಪೆಚುವಾ ಅದನ್ನು ಮೇಕೆಗೆ ಹಾಕಿದಳು. ಅಂದಿನಿಂದ ಅಂಗಡಿಯ ಹೆಪ್ಪಿನ ಪುಡಿ. ಪಿಟೊ ಆಗುತ್ತಿತ್ತು, ಆದರೆ ಆಚೆ ದಡದವರು ಬರುವುದು ನಿಂತಿತು.

*

ಬಸ್ಸು ಬಂತು. ಧೂಳು ಕೊಡವಿಕೊಂಡು ಇಳಿದವರಲ್ಲಿ ಮುಂದಿದ್ದವರು ಎಲೆಕ್ಟ್ರಾನಿಕ್ಸ್ ವಿಭಾಗದ ಮುದಿ ಟೆಟ್ಟೆ. ಅವರ ಕೈಯಲ್ಲಿ ಎರಡು ತಂತಿ ಜೋತಾಡುವ ಮೀಟರು, ಕಂಕುಳಲ್ಲಿ ಕಂಪ್ಯೂಟರ್ ವಿಭಾಗದವರು ಕೊಟ್ಟು ಕಳಿಸಿದ ಕೀಬೋರ್ಡು.

"ಗರ್ವಾಸ್ ನಮ್ಮ ವಿಭಾಗದವನು," ಎಂದು ಅಟ್ಟಣೆಗೆ ತಲೆಬಾಗಿ ಯುಲೇಲಿಯಾಳ ಕಿವಿಯಲ್ಲಿ ಹೇಳಿದರು. "ಕಂಪ್ಯೂಟರ್‌ನೋರು ಅವರವನು ಅಂತಾರೆ. ಬದುಕಿದ್ದಾಗ ಯಾರೂ ಅವನಿಗೊಂದು ರೂಮು ಕೊಡ್ಲಿಲ್ಲ, ಈಗ ಎಲ್ರಿಗೂ ಬೇಕು."

ಕುವಿರೆ ಮೀಟರನ್ನು ತಿರುಗಿಸಿ ನೋಡಿದ. "ಇದರಿಂದ ಏನ್ ಮಾಡ್ತಿದ್ದ?"

ಯುಲೇಲಿಯಾ ಕೇಳಿ ಹೇಳಿದಳು. "ಕರೆಂಟ್ ಹರೀತೈತೋ ಇಲ್ಲೋ ನೋಡ್ತಿದ್ರು."

"ಕರೆಂಟ್ ಕೊಯ್ಯಾಕ ಬರ್ತಾರಲ್ಲ, ಆ ಪೈಕಿನಾ?" ಎಂದಳು ಹಿಂದಿನಿಂದ ಒಬ್ಬಳು. ಅಂಗಳ ನಕ್ಕಿತು. ಕೀಬೋರ್ಡಿನ ಪಾಡು ಇನ್ನೂ ಕಡೆಯಾಯಿತು. ಇದರ ಮೇಲೆ ಏನು ಬೆಳೆಯುತ್ತದೆ ಎಂದು ಜಿಯೆಮ್ ಕೇಳಿದ. ಬೆರಳಿನಿಂದ ಒತ್ತುತ್ತಿದ್ದರು ಎಂದಾಗ, ಒತ್ತುವುದನ್ನು ಕೋಳಿಯೂ ಮಾಡುತ್ತದೆ ಎಂದ. ಪರ್ಪೆಚುವಾ ತಲೆ ಎತ್ತಲಿಲ್ಲ. ಅವಳ ಕೈ ಸೊಂಟದ ಹಗ್ಗದ ಗಂಟನ್ನು ತಿರುಚುತ್ತಿತ್ತು.

ಆಗ ಅರಬಾ ಮುಂದೆ ಬಂದಳು. ಕಡಲತೀರದ ಹುಡುಗಿ, ಒಂದು ಕಾಲಕ್ಕೆ ಗರ್ವಾಸನ ವಿದ್ಯಾರ್ಥಿನಿ, ಈಗ ಅವನ ಪ್ರಯೋಗಾಲಯದಲ್ಲೇ ಪಾಠ ಮಾಡುವವಳು. ಅತ್ತು ಅತ್ತು ಕಣ್ಣು ಊದಿದ್ದವು. ಚೀಲದಿಂದ ಬಿಳಿಬಟ್ಟೆಯಲ್ಲಿ ಸುತ್ತಿದ ಕಪ್ಪು ಹಗ್ಗವೊಂದನ್ನು ತೆಗೆದಳು.

"ಹೆಪ್ಪಿನ ಹಗ್ಗ ಅಲ್ಲಾ ಇದು?" ಎಂದು ಹೆಂಗಸರು ಒಬ್ಬರ ಮೇಲೊಬ್ಬರು ಬಗ್ಗಿದರು.

"ಪಿಟೊ ಹೆಂಗ ಆಗ್ತೈತಿ ಅಂತ ಅಪ್ಪ ಕಲಸ್ತಿದ್ರು," ಎಂದಳು ಯುಲೇಲಿಯಾ. ಅಷ್ಟೇ ಹೇಳಿದಳು.

"ಹೆಂಗಸರ ಕೆಲಸ," ಎಂದ ಜಿಯೆಮ್. ಅವನ ದನಿ ಕುಗ್ಗಿತ್ತು, ನಿಜವಾಗಿಯೇ ನೊಂದಿದ್ದ. "ನಮ್ಮಣ್ಣನ ಮಗನ ತಲಿ ಮ್ಯಾಲ ಹೆಂಗಸರ ಹಗ್ಗ ತೂಗ್ತೀರೇನವಾ?"

ಕುವಿರೆ ಕೋಲಿನಿಂದ ಕಿವಿ ಕೆರೆದುಕೊಂಡ. "ತೂಗೋದು ಆಮ್ಯಾಲ. ಮೊದಲ ಆಡಿ ತೋರಿಸ್ಲಿ. ನೋಡೂಣು, ಕೆಲಸ ಹೌದೋ ಅಲ್ಲೋ."

*

ಗರ್ವಾಸ್ ಕೆಲಸಕ್ಕೆ ಸೇರಿದ್ದು ಬಯೋಪ್ರೊಸೆಸ್ ಕಲಿಸಲು. ಕಣ್ಣಿಗೆ ಕಾಣದ ಜೀವಾಣುಗಳಿಂದ ದೊಡ್ಡ ಪಾತ್ರೆಗಳಲ್ಲಿ ಕೆಲಸ ಮಾಡಿಸಿಕೊಳ್ಳುವ ವಿದ್ಯೆ ಅದು. ಅಷ್ಟರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು ವಿದೇಶಕ್ಕೆ ಹೊರಟ. ಒಂದು ಟರ್ಮ್ ಮಟ್ಟಿಗೆ ನೋಡಿಕೊಳ್ಳಿ ಎಂದರು. ಆ ಟರ್ಮ್ ಕೊನೆಯವರೆಗೂ ಮುಗಿಯಲಿಲ್ಲ. ಮೊದಲ ವರ್ಷದವರಿಗೆ ಕಂಪ್ಯೂಟರ್ ಹೇಳಿಕೊಡಲು ಜನ ಸಿಗದಾಗಲೂ ಅವನ ಬಾಗಿಲನ್ನೇ ತಟ್ಟಿದರು. ಇಲ್ಲ ಎನ್ನಲು ಬಾರದ ಮನುಷ್ಯ. ಡಾಕ್ಟರೇಟಿನ ಕೆಲಸ ರಟ್ಟಿನ ಪೆಟ್ಟಿಗೆಯಲ್ಲಿ ಉಳಿಯಿತು. ಮೂರು ವಿಭಾಗದ ಉತ್ತರ ಪತ್ರಿಕೆಗಳ ನಡುವೆ ಅವನು ನಿದ್ದೆ ಹೋಗುವುದನ್ನು ನೋಡುತ್ತಲೇ ಯುಲೇಲಿಯಾ ಬೆಳೆದಳು.

ಮೂರಕ್ಕೂ ಬೇರೆ ಬೇರೆ ಪಾಠ ತಯಾರಿಸುವಷ್ಟು ಪುರುಸೊತ್ತಿಲ್ಲದೆಯೋ, ಅಥವಾ ಅವನ ತಲೆಯೇ ಹಾಗಿತ್ತೋ, ಮೂರರಲ್ಲೂ ಒಂದೇ ಗಡಿಗೆ ಇಟ್ಟ. ಮೊದಲ ವರ್ಷದವರಿಗೆ ಮೊದಲ ದಿನ ಕಂಪ್ಯೂಟರ್ ಮುಟ್ಟಿಸುತ್ತಿರಲಿಲ್ಲ. ಮೇಜಿನ ಮೇಲೆ ಜೋಳದ ಚೀಲ, ಗಡಿಗೆ, ಸೌಟು ಇಟ್ಟು, ಪಿಟೊ ಮಾಡುವುದು ಹೇಗೆ ಹೇಳಿ ಎನ್ನುತ್ತಿದ್ದ. ಅವರು ಹೇಳಿದ್ದನ್ನಷ್ಟೇ ಮಾಡುತ್ತಿದ್ದ. "ಕಂಪ್ಯೂಟರೂ ನನ್ನಷ್ಟೇ ದಡ್ಡ. ಹೇಳದೇ ಬಿಟ್ಟಿದ್ದು ಅದಕ್ಕೆ ಗೊತ್ತಾಗಲ್ಲ." ಎರಡನೆಯ ವರ್ಷ ಅದೇ ಹುಡುಗರು ಎಲೆಕ್ಟ್ರಾನಿಕ್ಸ್‌ಗೆ ಬಂದರೆ ಸಣ್ಣದೊಂದು ಪೆಟ್ಟಿಗೆ ಕಟ್ಟಿಸುತ್ತಿದ್ದ. ರಸ ಬಿಸಿಯಿದ್ದರೆ ಕೆಂಪು ದೀಪ, ಹೆಪ್ಪು ಹಾಕುವ ಹದಕ್ಕೆ ಆರಿದರೆ ಹಸಿರು. ಮೂರನೆಯ ವರ್ಷ ಬಯೋಪ್ರೊಸೆಸ್‌ಗೆ ಬಂದವರಿಗೆ ಕೊನೆಗೂ ಗೋಡೆಯ ಮೊಳೆಯಿಂದ ಹಗ್ಗ ಇಳಿಸುತ್ತಿದ್ದ.

"ಇದು ಕದ್ದ ಮಾಲು," ಎಂದು ಶುರು ಮಾಡಿ, ಹೇಗೆ ಕದ್ದೆ ಎಂದು ಬೆಂಚಿನ ಮೇಲೆ ಹತ್ತಿ ಆಡಿ ತೋರಿಸುತ್ತಿದ್ದ. ತರಗತಿ ಹೊಟ್ಟೆ ಹಿಡಿದು ನಗುತ್ತಿತ್ತು. "ಈ ಸಲ ಊರಿಗೆ ಹೋದಾಗ ಅಮ್ಮನಿಗೆ ಹೇಳಿಬಿಡ್ತೀನಿ," ಎಂದು ಮುಗಿಸುತ್ತಿದ್ದ. ರಜೆ ಮುಗಿಸಿ ಬಂದವರು ಹೇಳಿದಿರಾ ಸರ್ ಎಂದು ಕೇಳಿದರೆ, ತಿರುಗಿ ಬೋರ್ಡಿನ ಮೇಲೆ ಬರೆಯತೊಡಗುತ್ತಿದ್ದ.

ಒಂದು ಸಲ ನಿಜಕ್ಕೂ ಹೇಳಲೆಂದೇ ಹೊರಟು, ಜೊತೆಗೆ ಅಂಥ ದೀಪದ ಪೆಟ್ಟಿಗೆಯೊಂದನ್ನು ಒಯ್ದ. ಪೆಟ್ಟಿಗೆ ಕೊಟ್ಟ, ಮಾತು ಉಳಿಸಿಕೊಂಡ. "ರಸ ಆರಿದ್ದು ನೋಡಾಕ ನನಗ ಮೊಣಕೈ ಇಲ್ಲೇನು?" ಎಂದ ಪರ್ಪೆಚುವಾ ಅದನ್ನು ಮೇರಿಯಮ್ಮನ ಪಟದ ಮುಂದಿಟ್ಟಳು. ಒಲೆಯ ಹತ್ತಿರದ ಗೂಡು, ಹಗಲೆಲ್ಲ ಕೆಂಪು ದೀಪ ಉರಿಯುತ್ತಿತ್ತು. ದೇವರಿಗೆ ಚೆನ್ನಾಗಿದೆ ಎಂದಳು. ಪ್ರತಿ ರಜೆಯಲ್ಲೂ ಅವನು ಬಂದು ಅದರ ಬ್ಯಾಟರಿ ಬದಲಿಸುತ್ತಿದ್ದ.

*

ಅರಬಾ ಪ್ರಯೋಗಾಲಯದಲ್ಲಿ ಉಳಿದಿದ್ದ ಗರ್ವಾಸನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬೆನ್ನು ಸ್ವಲ್ಪ ಬಾಗಿಸಿ ನಿಂತಳು. ಅಷ್ಟಕ್ಕೇ ಯುಲೇಲಿಯಾಳಿಗೆ ಅಪ್ಪನೇ ಎದ್ದು ಬಂದ ಹಾಗಾಯಿತು.

"ಪಿಟೊ ಮಾಡೋದು ಹೇಗೆ ಅಂತ ಕೇಳು ಅವರನ್ನ," ಎಂದಳು ಅರಬಾ.

ಯುಲೇಲಿಯಾ ಕೇಳಿದಳು. ಜೋಳ ನೆನೆಹಾಕು ಎಂದರು ಹೆಂಗಸರು. ಅರಬಾ ಪಕ್ಕದಲ್ಲಿದ್ದ ಜೋಳದ ಚೀಲವನ್ನು ಬಾಯಿ ಕಟ್ಟಿದಂತೆಯೇ ಎತ್ತಿ ನೀರಿನ ಬಾನಿಗೆ ಇಳಿಸಿದಳು.

"ಚೀಲ ಬಿಚ್ಚೋ ದಡ್ಡಾ," ಎಂದು ಮುದುಕಿಯೊಬ್ಬಳು ಅಟ್ಟಣೆಯ ಮೇಲಿದ್ದವನನ್ನೇ ಗದರಿಸಿದಳು.

ಕುದಿಸು ಎಂದರು. ಅರಬಾ ಗಡಿಗೆಯ ಮುಂದೆ ಕೈಕಟ್ಟಿ ನಿಂತಳು. ಬೆಂಕಿ ಹಚ್ಚು ಎಂದರು. ಒಲೆಯ ಹೊರಗೆ ನೆಲಕ್ಕೆ ಕಡ್ಡಿ ಗೀರಿದಳು. ಅಂಗಳ ಬಿದ್ದು ಬಿದ್ದು ನಕ್ಕಿತು, ಹೇಳುವುದನ್ನು ತಿದ್ದಿತು, ಮತ್ತೆ ತಿದ್ದಿತು. ದೀಪದ ಸರದಿ ಬಂದಾಗ ಮುದಿ ಟೆಟ್ಟೆ ತಾವೇ ಎದ್ದು ತಲೆಗೆ ಯಾರದೋ ಕೆಂಪು ವಸ್ತ್ರ ಹೊದ್ದು ಗಡಿಗೆಯ ಪಕ್ಕ ನಿಂತರು. ಆರಿತು ಎಂದಾಗ ವಸ್ತ್ರ ಕಿತ್ತೆಸೆದು ಬೇವಿನ ಸೊಪ್ಪು ತಲೆಗಿಟ್ಟುಕೊಂಡರು. ಪರ್ಪೆಚುವಾ ಕೂಡ ತಲೆ ಎತ್ತಿ ನೋಡುತ್ತಿದ್ದಳು. "ಹಿಂಗ ಕಲಸ್ತಿದ್ನಾ?" ಎಂದು ಕೇಳಿದಳು.

"ಹಿಂಗ ಕಲಸ್ತಿದ್ರು, ಆಯಿ."

ಅರಬಾ ಹಗ್ಗ ಎತ್ತಿಕೊಂಡಳು.

"ಅರಬಾ, ಇಷ್ಟು ಸಾಕು," ಎಂದಳು ಯುಲೇಲಿಯಾ.

ಅಳು ತಡೆಯಲಾಗದೆ ಹಾಗೆನ್ನುತ್ತಿದ್ದಾಳೆ ಎಂದುಕೊಂಡ ಅರಬಾ ಅವಳ ಭುಜ ಸವರಿ ಮುಂದುವರಿಸಿದಳು. ಹಗ್ಗವನ್ನು ಅಟ್ಟಣೆಯ ಗಳಕ್ಕೆ ಸಿಕ್ಕಿಸಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಒಲೆಯ ಕಲ್ಲಿನ ಮೇಲೆ ಹತ್ತಿ, ಕೈಯನ್ನೇ ಚಾಕು ಮಾಡಿ ಹಗ್ಗವನ್ನು ಕೊಯ್ದಳು. ಅಂಗಿಯೊಳಗೆ ತುರುಕಿ, ಹೊಟ್ಟೆ ಒಳಗೆಳೆದುಕೊಂಡು, ತುಟಿಯ ಮೇಲೆ ಬೆರಳಿಟ್ಟು ಸಂತೆಯ ದಾರಿಯ ಕಡೆ ಕಳ್ಳನೋಟ ಹಾಯಿಸಿದಳು. ಗರ್ವಾಸನ ತರಗತಿಯಲ್ಲಿ ಎಲ್ಲರೂ ನಗುತ್ತಿದ್ದ ಜಾಗ ಅದು.

ಯಾರೂ ನಗಲಿಲ್ಲ. ಅರಬಾ ಒಂದು ಮಾತೂ ಆಡಿರಲಿಲ್ಲ, ಯುಲೇಲಿಯಾ ತಡೆದಿಟ್ಟುಕೊಳ್ಳಲು ಏನೂ ಇರಲಿಲ್ಲ. ಅಂಗಳದ ಕಣ್ಣುಗಳೆಲ್ಲ ಒಮ್ಮೆ ಪರ್ಪೆಚುವಾಳ ಕಡೆ, ಒಮ್ಮೆ ಗಡಿಕಲ್ಲಿನ ಕಡೆ ಹೋಗಿ ಬಂದವು.

ಪರ್ಪೆಚುವಾ ಎದ್ದಳು. ತಂಗಿಯ ಮಗಳು ಸೊಂಟದ ಹಗ್ಗ ಹಿಡಿದು ಹಿಂದೆಯೇ ನಡೆದಳು. ಅರಬಾಳ ಕೈಯಿಂದ ಹಗ್ಗ ತೆಗೆದುಕೊಂಡು ಪರ್ಪೆಚುವಾ ಮೊದಲು ಮೂಸಿದಳು, ಆಮೇಲೆ ಬೆರಳಿನಿಂದ ಎಳೆ ಹುಡುಕಿದಳು. ಅವಳು ಎಡಚಿ. ಇಡೀ ಊರಿನಲ್ಲಿ ಹಗ್ಗದ ಹುರಿ ಆ ಕಡೆಗೆ ತಿರುಗಿರುತ್ತಿದ್ದುದು ಅವಳದೊಂದೇ.

ಹಗ್ಗ ಹಿಡಿದು ಅಟ್ಟಣೆಯ ಹತ್ತಿರ ಹೋಗಿ, ಮಗನ ಮೊಣಕಾಲಿಗೆ ಅದರಿಂದಲೇ ಒಂದು ಏಟು ಹಾಕಿದಳು.

"ಏಳೋ," ಎಂದಳು. "ಎದ್ದು ನೀನ ಹೇಳು. ಆಕಿ ಅಲ್ಲಿ ನಿಂತಾಳ. ನಾ ಹೆಂಗ ಹೇಳ್ಲಿ ಈಗ?" ಇನ್ನೊಂದು ಏಟಿಗೆ ಎತ್ತಿದ ಕೈ ಅಲ್ಲಿಯೇ ನಿಂತಿತು. ಬೆಳಗಿನಿಂದ ರೀತಿಗೆ ತಕ್ಕಂತೆ ರಾಗವಾಗಿ ಅತ್ತವಳು ಈಗ ರಾಗವಿಲ್ಲದೆ ಅತ್ತಳು.

ಡೊಮಿಟಿಲಾ ಕಲ್ಲು ದಾಟಿದಳು. ದಾರಿ ಬಿಟ್ಟುಕೊಟ್ಟರು. ಅವಳು ಬಂದು ಅಟ್ಟಣೆಯ ಮುಂದೆ ನಿಂತು ಗರ್ವಾಸನ ಮುಖವನ್ನು ಬಹಳ ಹೊತ್ತು ನೋಡಿದಳು.

"ನನ್ನ ಮನಿಗೆ ಬಂದು ಶೇಂಗಾ ತಿಂದು ಹೋಗ್ತಿದ್ದ ಇವ," ಎಂದಳು. "ಪ್ರತಿ ರಜಾದಾಗ. ನಿನಗ ಕಾಣದಂಗ. ಬಂದಾಗೊಮ್ಮೆ ಸೋಪು, ಬಟ್ಟಿ, ಏನರ ತರ್ತಿದ್ದ. ಯಾಕೋ ಅಂದ್ರ ಸುಮ್ಮನ ಕೂಡ್ತಿದ್ದ." ತಿರುಗಿ ಪರ್ಪೆಚುವಾಳನ್ನು ನೋಡಿದಳು. "ನನ್ನ ಮಗಳ ಮದುವಿಗೆ ನೀ ಬರ್ಲಿಲ್ಲ."

"ಬರ್ಲಿಲ್ಲ," ಎಂದಳು ಪರ್ಪೆಚುವಾ.

"ನಾ ಕಳಿಸಿದ ಹಗ್ಗ ಮೇಕಿಗೆ ಹಾಕಿದಿ."

"ಹಾಕಿದೆ."

ಜಿಯೆಮ್ ಕೆಮ್ಮಿದ. "ಎಲ್ಲಾ ಖರೆ. ಆದ್ರ ಗಂಡಸಿನ ಅಟ್ಟಣಿಗೆ..."

"ಸುಮ್ಮನಿರು ಜಿಯೆಮ್," ಎಂದಳು ಡೊಮಿಟಿಲಾ. "ಈಕಿ ಹೆಪ್ಪು ಈಕಿ ಕೈಯಾಗ ಸತ್ತು ಎಷ್ಟು ಕಾಲ ಆತು. ಇವನ ಕೈಯಾಗ ಬದುಕೈತಿ. ಮೂಸಿ ನೋಡು ಬೇಕಾರ. ಇದನ್ನ ಕೆಲಸ ಅನ್ನದಿದ್ರ ನಾ ಇಷ್ಟು ವರ್ಷ ಮಾಡಿದ್ದೂ ಕೆಲಸ ಅಲ್ಲ, ಇನ್ನ ನೀ ನನ್ನ ಅಂಗಳಕ್ಕ ಕುಡಿಯಾಕ ಬರಬ್ಯಾಡ."

ಪರ್ಪೆಚುವಾ ಹಗ್ಗವನ್ನು ಯುಲೇಲಿಯಾಳ ಕೈಗೆ ಕೊಟ್ಟಳು. ಯುಲೇಲಿಯಾ ಅಟ್ಟಣೆ ಹತ್ತಿ ಅಪ್ಪನ ತಲೆಯ ಮೇಲೆ ಅದನ್ನು ತೂಗುಹಾಕಿದಳು. ಕುವಿರೆ ಜೀಲ್‌ನ ಕೋಲು ಎತ್ತಿಕೊಂಡ. ಪಿಟೊ ಸೋಸುವಾಗ ಹೆಂಗಸರು ಹಾಡುವ ಹಾಡಿನ ಗತಿಯನ್ನು, ಗಂಡಸಿನ ಸಾವಿಗೆ ಬಾರಿಸುವ ದಪ್ಪ ಪಟ್ಟಿಗಳ ಮೇಲೆ ಬಾರಿಸಿದ. ಜನ ಒಪ್ಪಿ ಅವನ ಮುಂದೆ ಕವಡೆಯ ಕಾಣಿಕೆ ಎಸೆದರು. ಜಿಯೆಮ್ ಸ್ವಲ್ಪ ತಡವಾಗಿ ಎಸೆದ, ಆದರೆ ಮುಷ್ಟಿ ತುಂಬ ಎಸೆದ.

*

ಮಣ್ಣು ಮಾಡಿ ಬಂದಾಗ ಬಿಸಿಲು ಇಳಿದಿತ್ತು. ಮೂರನೆಯ ದಿನದ ಕಾರ್ಯಕ್ಕೆಂದು ಮಧ್ಯಾಹ್ನ ಕುದಿಸಿದ ಜೋಳದ ರಸ ಬೇವಿನ ಮರದಡಿ ದೊಡ್ಡ ಗಡಿಗೆಯಲ್ಲಿ ಆರುತ್ತಿತ್ತು. ಪಕ್ಕದಲ್ಲಿ ಅಂಗಡಿಯ ಪುಡಿಯ ಪೊಟ್ಟಣ ಬಿಚ್ಚದೆ ಬಿದ್ದಿತ್ತು. ಪರ್ಪೆಚುವಾ ಹೆಪ್ಪಿನ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಗಡಿಗೆಯ ಬಳಿ ಕೂತಿದ್ದಳು. ತಂಗಿಯ ಮಗಳು ಉಣ್ಣಲು ಹೋಗಿದ್ದಳು, ಸೊಂಟದ ಹಗ್ಗದ ತುದಿ ನೆಲದಲ್ಲಿ ಹೊರಳುತ್ತಿತ್ತು. ಡೊಮಿಟಿಲಾ ಬಂದು ಕೂತು, ಆ ತುದಿಯನ್ನು ಎತ್ತಿ ಧೂಳು ಕೊಡವಿ ಅಂಗೈಗೆ ಸುತ್ತಿಕೊಂಡಳು.

ಇಬ್ಬರೂ ಒಬ್ಬರಾದ ಮೇಲೊಬ್ಬರು ರಸದಲ್ಲಿ ಮೊಣಕೈ ಅದ್ದಿ ನೋಡಿದರು.

"ಆರೈತಿ," ಎಂದಳು ಡೊಮಿಟಿಲಾ. "ಹಾಕು."

"ತಡಿ," ಎಂದ ಪರ್ಪೆಚುವಾ ಒಳಗೆ ಕೂಗಿದಳು. "ಯುಲೇಲಿಯಾ, ಮೇರಿಯಮ್ಮನ ಮುಂದಿನ ಆ ಪೆಟ್ಟಿಗಿ ತಾರವಾ."

ಯುಲೇಲಿಯಾ ಪೆಟ್ಟಿಗೆ ತಂದು ಅದರ ತಂತಿಯನ್ನು ಗಡಿಗೆಗೆ ಇಳಿಸಿದಳು. ಕೆಂಪು ದೀಪ ಉರಿಯುತ್ತಿತ್ತು.

"ಇದಕ್ಕ ಇನ್ನೂ ಗೊತ್ತಾಗವಲ್ದು," ಎಂದಳು ಡೊಮಿಟಿಲಾ.

"ಅವ ಮಾಡಿದ್ದು ಅದು. ಕಾಯೂಣು."

ಕತ್ತಲು ಇಳಿಯುವ ಹೊತ್ತು. ಇಬ್ಬರು ಮುದುಕಿಯರು ಗಡಿಗೆಯ ಮೇಲೆ ಬಾಗಿ, ಮುಖದ ಮೇಲೆ ಕೆಂಪು ಬೆಳಕು ಹೊತ್ತು ಕಾದರು. ದೀಪ ಹಸಿರಾಯಿತು. ಪರ್ಪೆಚುವಾ ತನ್ನ ಹಗ್ಗವನ್ನು ರಸದೊಳಗೆ ಮೆಲ್ಲನೆ ಇಳಿಬಿಟ್ಟಳು. ಡೊಮಿಟಿಲಾ ಇನ್ನೊಂದನ್ನು, ಸೊಂಟದ ಹಗ್ಗವನ್ನು, ಕೈಯಿಂದ ಬಿಡಲಿಲ್ಲ.